ನಮ್ಮ ಬಿಸಿಲ ನಾಡಿನಲ್ಲಿ ಕೀಟಾಹಾರಿ ಸಸ್ಯಗಳು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ಅಧ್ಯಯನ ಲೇಖನ)

ಪೀಠಿಕೆ

ಗಿಡಮರಗಳು ಮಣ್ಣಿನಿಂದ ಸಾರವನ್ನು ಹೀರಿ ಬದುಕುತ್ತವೆ, ಹುಳುಹುಪ್ಪಟೆಗಳು ಆ ಗಿಡಮರಗಳನ್ನು ತಿಂದು ಬದುಕುತ್ತವೆ ಎಂದು ನಾವೆಲ್ಲರೂ ಪ್ರಾಥಮಿಕ ಶಾಲೆಯಲ್ಲಿಯೇ ಕಲಿತಿದ್ದೇವೆ. ಈ ನಿಯಮವನ್ನು ತಲೆಕೆಳಗು ಮಾಡಿ, ಹುಳುವನ್ನೇ ಹಿಡಿದು ತಿನ್ನುವ ಗಿಡಗಳೂ ಉಂಟೆಂದರೆ ಯಾರಿಗಾದರೂ ಆಶ್ಚರ್ಯವಾಗದಿರದು. ಇಂಥ ಗಿಡಗಳು ಎಲ್ಲೋ ದೂರದ ದೇಶದ ಕಾಡುಗಳಲ್ಲಿ ಮಾತ್ರ ಇರುತ್ತವೆಂದು ನಾನು ಬಹುಕಾಲ ನಂಬಿದ್ದೆ. ಅವು ಮಳವಳ್ಳಿ ತಾಲ್ಲೂಕಿನ ನಮ್ಮ ಹೊಲದ ಅಂಚಿನಲ್ಲಿಯೇ ಇದ್ದುವೆಂಬುದು ನನಗೆ ತಿಳಿದದ್ದು ಎರಡನೆಯ ವರ್ಷದ ಬಿ.ಎ. ಓದುತ್ತಿದ್ದಾಗ.

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ವಿದ್ಯಾರ್ಥಿಗೆ ಸಸ್ಯಶಾಸ್ತ್ರದ ಗೊಡವೆ ಏಕೆಂದು ಮಿತ್ರರು ಹಾಸ್ಯಮಾಡಿದ್ದುಂಟು. ನಾನು ಶಾಸ್ತ್ರಜ್ಞನಲ್ಲ. ಆದರೆ ಬಿಸಿಲು ಹೆಚ್ಚಿರುವ ನಮ್ಮ ಸೀಮೆಯಲ್ಲಿ, ಗಾಜಿನ ಮನೆಯ ಆಶ್ರಯವಿಲ್ಲದೆ ಬಯಲಿನಲ್ಲಿ ಈ ಗಿಡಗಳನ್ನು ಬೆಳೆಸಲು ಹೋಗಿ ಎರಡು ಬಾರಿ ಸೋತು ಒಂದು ಬಾರಿ ಗೆದ್ದಿದ್ದೇನೆ. ಆ ಸೋಲು ಗೆಲವುಗಳಿಂದ ಕಲಿತದ್ದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕೀಟಾಹಾರಿ ಸಸ್ಯಗಳೆಂದರೇನು?

ಪ್ರಪಂಚದಲ್ಲಿ ಆರುನೂರಕ್ಕೂ ಹೆಚ್ಚು ಬಗೆಯ ಕೀಟಾಹಾರಿ ಸಸ್ಯಗಳಿವೆ. ಇವೂ ಇತರ ಗಿಡಗಳಂತೆ ಹಸಿರೆಲೆಯುಳ್ಳವು. ಬಿಸಿಲಿನ ಸಹಾಯದಿಂದ ತಮ್ಮ ಸಕ್ಕರೆಯನ್ನು ತಾವೇ ತಯಾರಿಸಿಕೊಳ್ಳುತ್ತವೆ. ಹಾಗಾದರೆ ಹುಳುವೇಕೆ ಬೇಕು? ಇವು ಬೆಳೆಯುವುದು ಸಾರವಿಲ್ಲದ ನೆಲದಲ್ಲಿ: ಜೌಗಿನಲ್ಲಿ, ಮರಳಿನಲ್ಲಿ, ಬಂಡೆಯ ಮೇಲೆ ನೀರು ಜಿನುಗುವ ಜಾಗದಲ್ಲಿ. ಅಲ್ಲಿ ನೀರಿಗೆ ಬರವಿಲ್ಲ, ಬಿಸಿಲಿಗೂ ಬರವಿಲ್ಲ. ಆದರೆ ಸಾರಜನಕ, ರಂಜಕ ಮೊದಲಾದ ಲವಣಗಳು ಇಲ್ಲವೆನ್ನುವಷ್ಟು ಕಡಮೆ. ಮಣ್ಣು ಕೊಡದಿದ್ದುದನ್ನು ಈ ಗಿಡಗಳು ಹುಳುವಿನ ಮೈಯಿಂದ ಪಡೆಯುತ್ತವೆ. ಅವು ಹುಳು ತಿನ್ನುವುದು ಹೊಟ್ಟೆಬಾಕತನದಿಂದಲ್ಲ, ಬಡತನದಿಂದ.

ಇದನ್ನು ಕ್ರಮವಾಗಿ ಪರೀಕ್ಷಿಸಿದವರಲ್ಲಿ ಮುಖ್ಯನಾದವನು ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್. ೧೮೬೦ರ ಬೇಸಗೆಯಲ್ಲಿ ಸಸೆಕ್ಸ್ ಪ್ರಾಂತದ ಬಯಲೊಂದರಲ್ಲಿ ಡ್ರಾಸಿರ ಎಂಬ ಪುಟ್ಟ ಗಿಡದ ಎಲೆಗಳಿಗೆ ಅನೇಕ ಹುಳುಗಳು ಅಂಟಿಕೊಂಡಿರುವುದನ್ನು ಕಂಡು ಆತನ ಕುತೂಹಲ ಕೆರಳಿತು. ಹದಿನೈದು ವರ್ಷಗಳ ಮೇಲೆ, ೧೮೭೫ರಲ್ಲಿ, ಕೀಟಾಹಾರಿ ಸಸ್ಯಗಳನ್ನು ಕುರಿತ ಆತನ ಗ್ರಂಥ ಹೊರಬಂದಿತು. ಮಗನಾದ ಫ್ರಾನ್ಸಿಸ್ ಡಾರ್ವಿನ್ ಮಾಂಸದ ಚೂರು ಕೊಟ್ಟ ಗಿಡಗಳನ್ನೂ ಕೊಡದ ಗಿಡಗಳನ್ನೂ ಅಕ್ಕಪಕ್ಕದಲ್ಲಿ ಬೆಳೆಸಿ, ಉಂಡ ಗಿಡಗಳು ಹೆಚ್ಚು ಬೀಜ ಕಟ್ಟುತ್ತವೆಂದು ೧೮೭೮ರಲ್ಲಿ ತೋರಿಸಿಕೊಟ್ಟನು.

ಬೇಟೆಯ ವಿಧಾನಗಳು ಹಲವು. ಹೂಜಿಗಿಡವಾದ ನೆಪೆಂಥಿಸ್‌ನಲ್ಲಿ ಎಲೆಯ ತುದಿಯೇ ಹೂಜಿಯಾಗಿ, ಅಂಚಿನಲ್ಲಿ ಜಾರಿದ ಹುಳು ಒಳಗಿನ ರಸದಲ್ಲಿ ಬಿದ್ದು ಕರಗುತ್ತದೆ. ಭಾರತದಲ್ಲಿ ಈ ಕುಲದ ಗಿಡ ಒಂದೇ ಒಂದು. ಅದು ಮೇಘಾಲಯದ ಬೆಟ್ಟಗಳ ನೆಪೆಂಥಿಸ್ ಖಾಸಿಯಾನ. ಗಾರೋ ಜನರು ಅದನ್ನು ದೆವ್ವದ ಬುಟ್ಟಿ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಅದರ ರಕ್ಷಣೆಗಾಗಿಯೇ ದಕ್ಷಿಣ ಗಾರೋ ಬೆಟ್ಟಗಳ ಬಾಘ್ಮಾರದಲ್ಲಿ ಒಂದು ಧಾಮವಿದೆ. ಯುಟ್ರಿಕ್ಯುಲೇರಿಯ ಎಂಬ ಗುಳ್ಳೆಗಿಡ ನೀರಿನಲ್ಲಿಯೂ ಒದ್ದೆ ನೆಲದಲ್ಲಿಯೂ ಬೆಳೆಯುತ್ತದೆ. ಅದರ ಸಾಸಿವೆಗಿಂತ ಚಿಕ್ಕ ಗುಳ್ಳೆಗಳ ಬಾಗಿಲು ತೆರೆದು, ಹುಳುವನ್ನು ನೀರಿನೊಡನೆ ಒಳಕ್ಕೆ ಸೆಳೆದುಕೊಳ್ಳುವುದಕ್ಕೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಕಿಲ್ಲ. ಡ್ರಾಸಿರದ ಎಲೆಯ ಮೇಲೆ ಕೆಂಪು ರೋಮಗಳಿರುತ್ತವೆ. ಪ್ರತಿಯೊಂದು ರೋಮದ ತುದಿಯಲ್ಲಿಯೂ ಇಬ್ಬನಿಯಂತೆ ಹೊಳೆಯುವ ಅಂಟಿನ ಹನಿ. ಅದನ್ನು ನೀರೆಂದೋ ಜೇನೆಂದೋ ಭಾವಿಸಿ ಕುಳಿತ ನುಸಿ ಮತ್ತೆ ಏಳುವುದಿಲ್ಲ. ಸುತ್ತಲಿನ ರೋಮಗಳು ಬಾಗಿ ಅದನ್ನು ಒತ್ತಿ ಹಿಡಿಯುತ್ತವೆ.

ಮೊದಲನೆಯ ಸೋಲು

ಎರಡನೆಯ ವರ್ಷದಲ್ಲಿ ವಿದ್ಯಾರ್ಥಿವೇತನದ ಹಣ ಕೈಸೇರಿದಾಗ, ಮುನ್ನೂರೈವತ್ತು ರೂಪಾಯಿ ಕೊಟ್ಟು ಒಂದು ವೀನಸ್ ನೊಣಹಿಡುಕ ಗಿಡವನ್ನು ಅಂಚೆಯ ಮೂಲಕ ತರಿಸಿದೆ. ಮನೆಯಲ್ಲಿ ಇದನ್ನು ಹೇಳಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ; ಪುಸ್ತಕಕ್ಕೆಂದು ಬಂದ ಹಣದಲ್ಲಿ ಗಿಡ ಕೊಂಡೆನೆಂದರೆ ಯಾರು ಒಪ್ಪುತ್ತಾರೆ?

ಈ ಗಿಡದ ಎಲೆ ಎರಡು ಹೋಳಾಗಿ, ಅಂಚಿನಲ್ಲಿ ಹಲ್ಲುಗಳಿರುತ್ತವೆ. ಒಳಗಿನ ಸೂಕ್ಷ್ಮ ರೋಮಗಳನ್ನು ಹುಳು ಸುಮಾರು ಇಪ್ಪತ್ತು ಸೆಕೆಂಡುಗಳೊಳಗೆ ಎರಡು ಬಾರಿ ತಾಕಿದರೆ ಹೋಳುಗಳು ತಟಕ್ಕನೆ ಮುಚ್ಚಿಕೊಳ್ಳುತ್ತವೆ. ಸಿಕ್ಕಿಬಿದ್ದ ಹುಳು ಮತ್ತೂ ಒದ್ದಾಡಿ ರೋಮಗಳನ್ನು ತಾಕುತ್ತಿದ್ದರೆ ಮಾತ್ರ ಜೀರ್ಣರಸ ಒಸರುವ ಕಾರ್ಯ ಮೊದಲಾಗುತ್ತದೆ. ಗಿಡ ತಾಕುಗಳನ್ನು ಎಣಿಸುತ್ತದೆಂದೇ ೨೦೧೬ರಲ್ಲಿ ಜರ್ಮನಿಯ ವಿಜ್ಞಾನಿಗಳು ವರದಿ ಮಾಡಿದರು. ಮಳೆಯ ಹನಿಗೋ ಒಣಗಿದ ಕಡ್ಡಿಗೋ ಶಕ್ತಿ ವ್ಯಯವಾಗಬಾರದೆಂಬುದೇ ಈ ಲೆಕ್ಕದ ಮರ್ಮ.

ನಾನು ಈ ಗಿಡಕ್ಕೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿದ ಕುಂಡವನ್ನು ಸಿದ್ಧಪಡಿಸಿ, ದಿನವೂ ಬೋರ್‌ವೆಲ್ ನೀರು ಹಾಕಿ ಸಾಕಿದೆ. ಮಾರ್ಚಿಯಲ್ಲಿ ಎಲೆಗಳ ಅಂಚು ಕಪ್ಪಾಯಿತು. ಮೇ ತಿಂಗಳ ಹೊತ್ತಿಗೆ ಕುಂಡದಲ್ಲಿ ಮಣ್ಣು ಮಾತ್ರ ಉಳಿಯಿತು.

ಬಿಸಿಲೇ ಅದನ್ನು ಕೊಂದಿತೆಂದು ನಾನು ಭಾವಿಸಿದೆ. ಅದು ತಪ್ಪು. ಈ ಗಿಡದ ತವರು ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನ ರಾಜ್ಯಗಳ ಕರಾವಳಿಯ ಜೌಗು. ಅಲ್ಲಿಯೂ ಬೇಸಗೆ ಬಿರುಸಾಗಿಯೇ ಇರುತ್ತದೆ. ಅಲ್ಲಿದ್ದು ಇಲ್ಲಿಲ್ಲದ ವಸ್ತು ಚಳಿಗಾಲ. ಮೂರು ನಾಲ್ಕು ತಿಂಗಳು ಚಳಿಯಲ್ಲಿ ಮಲಗಿ ವಿಶ್ರಮಿಸಿದರೆ ಮಾತ್ರ ಅದು ವರ್ಷವರ್ಷವೂ ಚಿಗುರುತ್ತದೆ. ಮಂಡ್ಯದ ಚಳಿ ಆ ನಿದ್ರೆಗೆ ಸಾಲದು. ನನ್ನ ಗಿಡವಂತೂ ಅಷ್ಟು ಕಾಲ ಬದುಕಲೇ ಇಲ್ಲ. ಅದನ್ನು ಕೊಂದದ್ದು ನಾನು ಹಾಕಿದ ಗೊಬ್ಬರ ಮತ್ತು ಗಡಸು ನೀರು.

ನಮ್ಮಲ್ಲಿಯೇ ಇದ್ದ ಗಿಡ

ಸತ್ತ ಗಿಡದ ವಿಚಾರವನ್ನು ಗೆಳೆಯನೊಬ್ಬ ತಾನು ಓದುತ್ತಿದ್ದ ವಿಜ್ಞಾನ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರಿಗೆ ತಿಳಿಸಿ, ನನ್ನನ್ನು ಅವರ ಬಳಿಗೆ ಕರೆದುಕೊಂಡು ಹೋದನು. ಅವರು ನಗಲಿಲ್ಲ. "ನಿಮ್ಮದು ಯಾವ ಊರಪ್ಪಾ? ಅಲ್ಲಿ ಹಾಸುಬಂಡೆ ಇದೆಯೇ?" ಎಂದು ಕೇಳಿ, ಕಾಗದಕ್ಕೆ ಅಂಟಿಸಿ ಒಣಗಿಸಿಟ್ಟ ಒಂದು ಮಾದರಿಯನ್ನು ತೋರಿಸಿದರು. ನೋಡಿದೊಡನೆಯೇ ನನ್ನ ಎದೆ ಧಸಕ್ಕೆಂದಿತು. ಅದು ನಮ್ಮ ಅಂಟುಗಿಡ!

ಚಿಕ್ಕಂದಿನಲ್ಲಿ ಆಡು ಮೇಯಿಸಲು ಹೋದಾಗ, ನಮ್ಮ ಹೊಲದ ಮೇಲಣ ಹಾಸುಬಂಡೆಯ ಬುಡದಲ್ಲಿ, ಮಳೆ ಹಿಡಿದ ಮೇಲೆ ನೀರು ಜಿನುಗುವ ಗರುಸು ನೆಲದಲ್ಲಿ, ಕಾಸಿನಗಲದ ಕೆಂಪು ಗಿಡಗಳು ನೆಲಕ್ಕೆ ಅಂಟಿದಂತೆ ಹರಡಿರುತ್ತಿದ್ದುವು. ನಾವು ಹುಡುಗರು ಅವುಗಳ ಮೇಲೆ ಇರುವೆ ಬಿಟ್ಟು ಆಟವಾಡುತ್ತಿದ್ದೆವು. ಅದರ ಶಾಸ್ತ್ರೀಯ ನಾಮ ಡ್ರಾಸಿರ ಬರ್ಮನಿ. ಅದರ ರೋಮಗಳು ಕೆಲವೇ ಸೆಕೆಂಡುಗಳಲ್ಲಿ ಬಾಗುತ್ತವೆ. ಈ ಕುಲದಲ್ಲಿ ಅಷ್ಟು ಚುರುಕಿನವು ವಿರಳ. ಅದರ ನಂಟನಾದ ಡ್ರಾಸಿರ ಇಂಡಿಕ ನೆಟ್ಟಗೆ ನಿಲ್ಲುವ, ದಾರದಂಥ ಎಲೆಗಳ ಗಿಡ. ೧೭೫೩ರಲ್ಲಿ ಲಿನೀಯಸ್ ಹೆಸರಿಟ್ಟದ್ದು. ಬೆಂಗಳೂರಿನ ಬಳಿಯ ಹೆಸರಘಟ್ಟದ ಹುಲ್ಲುಗಾವಲಿನಲ್ಲಿಯೂ ಡ್ರಾಸಿರ ಗಿಡಗಳು ದಾಖಲಾಗಿವೆ. ಇವೆರಡೂ ಚಳಿಯ ನಿದ್ರೆ ಬೇಡದವು. ಮಳೆಯೊಡನೆ ಹುಟ್ಟಿ, ಹೂವಾಗಿ, ಬೀಜ ಚೆಲ್ಲಿ, ನೆಲ ಒಣಗಿದೊಡನೆ ಸಾಯುತ್ತವೆ. ಬೇಸಗೆಯನ್ನು ಬೀಜದ ರೂಪದಲ್ಲಿ ಕಳೆಯುತ್ತವೆ. ನಮ್ಮ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇನ್ನಾವುದಿದೆ?

ಆ ಶನಿವಾರವೇ ಊರಿಗೆ ಹೋದೆ. ಬಂಡೆಯ ಬುಡದಲ್ಲಿ ಕಬ್ಬು ನಿಂತಿತ್ತು. ನಾನು ಪದವಿ ತರಗತಿಗೆ ಸೇರಿದ ವರ್ಷ, ಬೀಳುಬಿದ್ದಿದ್ದ ಆ ಎಂಟು ಗುಂಟೆಯನ್ನು ನಮ್ಮ ತಂದೆಯವರು ಮಟ್ಟಮಾಡಿಸಿ, ಕೆರೆಗೋಡು ಹೊಡೆಸಿ, ಕಬ್ಬು ನೆಟ್ಟಿದ್ದರು. ಆ ಕಬ್ಬಿನ ಹಣದಲ್ಲಿಯೇ ನನ್ನ ಹಾಸ್ಟೆಲಿನ ಊಟದ ಬಾಬ್ತು ಸಂದಿತ್ತು. ಹೀಗಾಗಿ ಆ ಗಿಡಗಳು ಹೋದುವೆಂದು ಯಾರನ್ನು ದೂರಲಿ? ಅವುಗಳ ಹೆಸರನ್ನು ನನಗೆ ಕಲಿಸಿದ ವಿದ್ಯೆಗೇ ಅವು ಗೊಬ್ಬರವಾಗಿದ್ದುವು.

ಅದೃಷ್ಟವಶಾತ್, ನೇಗಿಲು ತಿರುಗದ ಬಂಡೆಯ ಮೂಲೆಯೊಂದರಲ್ಲಿ ನಾಲ್ಕು ಮೊಳ ಜಾಗ ಉಳಿದಿತ್ತು. ಅಲ್ಲಿ ಮೂವತ್ತು ನಲವತ್ತು ಗಿಡಗಳಿದ್ದುವು. ಡಿಸೆಂಬರಿನಲ್ಲಿ ಒಣಗಿದ ಕಾಯಿಗಳನ್ನು ಕಾಗದದ ಮೇಲೆ ಕೊಡವಿ, ಹೊಗೆಸೊಪ್ಪಿನ ಪುಡಿಯಂಥ ಬೀಜವನ್ನು ಚಿಟಿಕೆಯಷ್ಟು ಮಾತ್ರ ತೆಗೆದುಕೊಂಡೆ. ಗಿಡವನ್ನು ಕೀಳಲಿಲ್ಲ, ಉಳಿದ ಬೀಜ ಅಲ್ಲಿಯೇ ಬೀಳಲೆಂದು ಬಿಟ್ಟೆ. ಇದನ್ನು ಬೆಳೆಸಬಯಸುವವರು ಈ ನಿಯಮವನ್ನು ಮೊದಲು ಪಾಲಿಸಬೇಕು.

ಬೆಳೆಸುವ ಕ್ರಮ

೧. ನೀರು. ಎಲ್ಲಕ್ಕಿಂತ ಮುಖ್ಯವಾದುದು ಇದೇ. ಲವಣ ಕರಗಿದ ನೀರು ಈ ಗಿಡಗಳಿಗೆ ವಿಷ. ನೀರಿನಲ್ಲಿ ಕರಗಿದ ಲವಣ ಲೀಟರಿಗೆ ೫೦ ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು. ಅಧ್ಯಾಪಕರು ಕೊಟ್ಟ ಮಾಪಕವನ್ನು ನಮ್ಮೂರಿನ ಬೋರ್‌ವೆಲ್ ನೀರಿನಲ್ಲಿ ಅದ್ದಿದಾಗ ಅಂಕಿ ೮೦೦ನ್ನು ದಾಟಿತು. ಮಳೆಯ ನೀರಿನಲ್ಲಿ ೨೦ನ್ನೂ ಮುಟ್ಟಲಿಲ್ಲ. ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೂ ಅಳೆದು ನೋಡಿಯೇ ಬಳಸಬೇಕು. ಊರಿಂದೂರಿಗೆ ಅದರ ಗುಣ ಬೇರೆ. ಮಂಡ್ಯ ಜಿಲ್ಲೆಗೆ ವರ್ಷಕ್ಕೆ ಸುಮಾರು ೭೦೦ ಮಿಲಿಮೀಟರ್ ಮಳೆ. ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಹೆಚ್ಚು. ಮೊದಲ ಮಳೆಯಲ್ಲಿ ಚಾವಣಿ ತೊಳೆದುಹೋಗಲಿ ಎಂದು ಬಿಟ್ಟು, ಅನಂತರದ ನೀರನ್ನು ಹಿಡಿಯಬೇಕು. ಇಪ್ಪತ್ತು ಲೀಟರಿನ ನಾಲ್ಕು ಕ್ಯಾನುಗಳು ನನ್ನ ಮೂರು ಕುಂಡಗಳಿಗೆ, ದಿನಕ್ಕೆ ಒಂದೊಂದು ಲೋಟದಂತೆ, ನಾಲ್ಕು ತಿಂಗಳು ಸಾಕಾದುವು.

೨. ಮಣ್ಣು. ವಿದೇಶದ ಪುಸ್ತಕಗಳು ಹೇಳುವ ಜೌಗುಪಾಚಿಯ ಪುಡಿ ನಮ್ಮಲ್ಲಿ ದುಬಾರಿ. ಮದ್ದೂರಿನ ಎಳನೀರಿನ ಮಾರುಕಟ್ಟೆಯನ್ನು ಕಂಡವರಿಗೆ ನಮ್ಮ ಸೀಮೆಯಲ್ಲಿ ತೆಂಗಿಗೆ ಕೊರತೆಯಿಲ್ಲವೆಂದು ಹೇಳಬೇಕಾಗಿಲ್ಲ. ತೆಂಗಿನ ನಾರಿನ ಪುಡಿ ಒಂದು ಪಾಲು, ತೊಳೆದ ಹೊಳೆಮರಳು ಒಂದು ಪಾಲು ಬೆರೆಸಿದರೆ ಆಯಿತು. ಆದರೆ ನಾರಿನ ಪುಡಿಯಲ್ಲಿ ಉಪ್ಪಿನಂಶವಿರುವುದರಿಂದ ಅದನ್ನು ಚೆನ್ನಾಗಿ ತೊಳೆಯಲೇಬೇಕು. ನಾನು ಅದನ್ನು ಗೋಣಿಚೀಲದಲ್ಲಿ ಕಟ್ಟಿ, ಮಳೆಗಾಲದಲ್ಲಿ ಸೂರಿನ ನೀರು ಬೀಳುವೆಡೆ ತೂಗುಹಾಕಿದೆ. ನಾಲ್ಕಾರು ಜೋರುಮಳೆಗಳಲ್ಲಿ ಕಂದುನೀರು ಇಳಿದು ತಿಳಿಯಾಯಿತು. ಮರಳಿನಲ್ಲಿ ಸುಣ್ಣಕಲ್ಲಿನ ಚೂರಿರಬಾರದು. ಎರಡು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟಾಗ ನೊರೆಯೆದ್ದರೆ ಆ ಮರಳನ್ನು ಬಿಡಬೇಕು.

೩. ಕುಂಡ. ಮಣ್ಣಿನ ಕುಂಡ ತಂಪು, ನಿಜ. ಆದರೆ ಅದರ ಮೈಯಲ್ಲಿ ಲವಣ ಸೇರುತ್ತದೆ. ಪ್ಲಾಸ್ಟಿಕ್ ಕುಂಡ ಬಿಸಿಲಿಗೆ ಕಾದು ಬೇರನ್ನು ಬೇಯಿಸುತ್ತದೆ. ಎರಡನ್ನೂ ಕೂಡಿಸುವುದು ಉತ್ತಮ. ತಳದಲ್ಲಿ ತೂತಿರುವ ಬಿಳಿಯ ಪ್ಲಾಸ್ಟಿಕ್ ಕುಂಡವನ್ನು ತೂತಿಲ್ಲದ ಬೋಗುಣಿಯಲ್ಲಿಟ್ಟು, ಬೋಗುಣಿಯಲ್ಲಿ ಒಂದು ಅಂಗುಲ ಮಳೆನೀರು ನಿಲ್ಲಿಸಬೇಕು. ಆ ಬೋಗುಣಿಯನ್ನು ಮರಳು ತುಂಬಿದ ಅಗಲವಾದ ಮಣ್ಣಿನ ಪಾತ್ರೆಯಲ್ಲಿ ಕಂಠದವರೆಗೆ ಹೂಳಬೇಕು. ಹೊರಗಿನ ಮರಳನ್ನು ನೆನೆಸಲು ಯಾವ ನೀರಾದರೂ ಸರಿ. ಕುಡಿಯುವ ನೀರಿನ ಗಡಿಗೆಯನ್ನು ನಮ್ಮ ತಾಯಂದಿರು ಒದ್ದೆ ಮರಳಿನ ಮೇಲೆ ಇಡುವುದೂ ಈ ತತ್ತ್ವದಿಂದಲೇ: ಆವಿಯಾಗುವ ನೀರು ಶಾಖವನ್ನು ಒಯ್ಯುತ್ತದೆ. ಬೋಗುಣಿಯ ನೀರು ಆರುತ್ತ ಬಂದಂತೆ ಲವಣ ಗಟ್ಟಿಯಾಗುವುದರಿಂದ ವಾರಕ್ಕೊಮ್ಮೆ ಹಳೆಯ ನೀರನ್ನು ಚೆಲ್ಲಿ ಹೊಸದನ್ನು ತುಂಬಬೇಕು. ಸೊಳ್ಳೆ ಮೊಟ್ಟೆಯಿಡುವ ಭಯವೂ ಇದರಿಂದ ಕಡಮೆಯಾಗುತ್ತದೆ.

೪. ಬಿಸಿಲು. ನೆರಳಿನಲ್ಲಿಟ್ಟರೆ ಎಲೆ ಹಸಿರಾಗಿ ಉದ್ದವಾಗುತ್ತದೆಯೇ ಹೊರತು ಅಂಟಿನ ಹನಿ ಕೂಡುವುದಿಲ್ಲ. ದಿನಕ್ಕೆ ಐದಾರು ಗಂಟೆಗಳ ನೇರ ಬಿಸಿಲು ಬೇಕು. ಎಲೆ ಕೆಂಪಾಗಿ ಹನಿ ಹೊಳೆಯುತ್ತಿದ್ದರೆ ಗಿಡ ಸುಖವಾಗಿದೆಯೆಂದು ತಿಳಿಯಬಹುದು. ನಮ್ಮ ಬಿಸಿಲು ಏಪ್ರಿಲಿನಲ್ಲಿ ೩೫ ಡಿಗ್ರಿ ಸೆಂಟಿಗ್ರೇಡನ್ನು ದಾಟುತ್ತದೆ. ಆ ಹೊತ್ತಿಗೆ ಈ ಗಿಡ ಹೇಗೂ ಬೀಜವಾಗಿರುತ್ತದೆ. ಬೇಸಗೆಯಲ್ಲೂ ಗಿಡವನ್ನು ಉಳಿಸಿಕೊಳ್ಳಬೇಕೆನ್ನುವವರು ಮಧ್ಯಾಹ್ನ ಮಾತ್ರ ನೆರಳುಬಲೆ ಕಟ್ಟಿ, ನೀರು ಆರದಂತೆ ನೋಡಿಕೊಳ್ಳಬೇಕು.

೫. ಬಿತ್ತನೆ. ಜೂನ್ ತಿಂಗಳಲ್ಲಿ ಒದ್ದೆ ಮಣ್ಣಿನ ಮೇಲೆ ಬೀಜವನ್ನು ಉದುರಿಸಬೇಕು. ಮಣ್ಣು ಮುಚ್ಚಬಾರದು, ಏಕೆಂದರೆ ಮೊಳೆಯಲು ಬೆಳಕು ಬೇಕು. ಮೇಲಿಂದ ನೀರು ಹೊಯ್ದರೆ ಬೀಜ ಕೊಚ್ಚಿಹೋಗುತ್ತದೆ. ಬೋಗುಣಿಯಿಂದಲೇ ನೀರು ಮೇಲೇರಲಿ. ನನಗೆ ಮೂರನೆಯ ವಾರದಲ್ಲಿ ಸೂಜಿಮೊನೆಯಷ್ಟು ಮೊಳಕೆ ಕಂಡಿತು. ಭೂತಗನ್ನಡಿಯಿಂದ ನೋಡಿದಾಗ ಆ ಮೊಳಕೆಯ ಎಲೆಯ ಮೇಲೂ ಹನಿಗಳಿದ್ದುವು!

೬. ಆಹಾರ. ಬಯಲಿನಲ್ಲಿಟ್ಟ ಗಿಡಕ್ಕೆ ನಾವು ಉಣಿಸಬೇಕಾಗಿಲ್ಲ. ನುಸಿ, ಇರುವೆಗಳು ತಾವಾಗಿ ಬರುತ್ತವೆ. ಮಾಂಸ, ಅನ್ನ, ಹಾಲು ಹಾಕಿದರೆ ಎಲೆ ಕೊಳೆಯುತ್ತದೆ. ಮಣ್ಣಿಗೆ ಗೊಬ್ಬರವನ್ನಂತೂ ಎಂದಿಗೂ ಹಾಕಕೂಡದು.

ಎರಡನೆಯ ಸೋಲು

ಈ ಕೊನೆಯ ಮಾತನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ನಾಲ್ಕು ಕುಂಡಗಳಲ್ಲಿ ಮೂರನ್ನು ಹಾಸ್ಟೆಲಿನ ತಾರಸಿಯ ಮೇಲಿಟ್ಟು, ಒಂದನ್ನು ಊರಿನ ಜಗಲಿಯ ಮೇಲೆ ಬಿಟ್ಟುಬಂದಿದ್ದೆ. ಆಗಸ್ಟಿನಲ್ಲಿ ಊರಿಗೆ ಹೋದಾಗ ಗಿಡಗಳೆಲ್ಲ ಕಪ್ಪಾಗಿ ಕರಗಿದ್ದುವು. ನಮ್ಮ ತಂದೆಯವರು ಸಂಕೋಚದಿಂದ, "ಎರಡು ತಿಂಗಳಾದ್ರೂ ಕಾಸಿನಗಲ ಆಗ್ಲಿಲ್ಲ ಕಣ್ಲಾ. ಪಾಪ, ಸೊರಗ್ತಾ ಅದೆ ಅಂತ ಒಂದು ಚಿಟಿಕೆ ಯೂರಿಯಾ ಹಾಕ್ದೆ" ಎಂದರು.

ನನಗೆ ಮಾತು ಹೊರಡಲಿಲ್ಲ. ಜೀವಮಾನವೆಲ್ಲ ಬೆಳೆಗೆ ಸಾರ ಸಾಲದೆಂದು ಒದ್ದಾಡಿದ ರೈತರು ಅವರು. ಸೊರಗಿದ ಗಿಡವನ್ನು ಕಂಡಾಗ ಅವರ ಕೈ ಗೊಬ್ಬರದ ಚೀಲಕ್ಕೆ ಹೋಗದೆ ಮತ್ತೆಲ್ಲಿಗೆ ಹೋದೀತು? ನನ್ನನ್ನು ಓದಿಸಿದ್ದೂ ಆ ಕೈಯೇ. ಕ್ಷೀಣ ಪ್ರತಿಫಲ ನಿಯಮವನ್ನು ನಾವು ಅರ್ಥಶಾಸ್ತ್ರದಲ್ಲಿ ಓದುತ್ತೇವೆ; ಈ ಗಿಡದಲ್ಲಿ ಪ್ರತಿಫಲ ಮೊದಲ ಚಿಟಿಕೆಗೇ ಮುಗಿದು ನಷ್ಟ ಮೊದಲಾಗುತ್ತದೆ. ಸಾರವಿಲ್ಲದ ನೆಲದಲ್ಲಿ ಬದುಕಲು ಕಲಿತ ಬೇರಿಗೆ ಸಾರವನ್ನು ತಡೆದುಕೊಳ್ಳುವ ಶಕ್ತಿಯಿಲ್ಲ. ಬಯಲಿನಲ್ಲಾದರೆ ಇನ್ನೊಂದು ಆಪತ್ತು: ಗೊಬ್ಬರ ಬಿದ್ದ ಕಡೆ ಹುಲ್ಲು ಎದ್ದು, ನೆಲಕ್ಕಂಟಿದ ಈ ಗಿಡಕ್ಕೆ ಬಿಸಿಲೇ ಸಿಗದಂತಾಗುತ್ತದೆ.

ಇದನ್ನೆಲ್ಲ ಸಾವಕಾಶವಾಗಿ ವಿವರಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಮೊದ್ಲೇ ಹೇಳಬಾರ್ದಾಗಿತ್ತಾ?" ಎಂದರು. ಅನಂತರ, "ಅಂಗಾದ್ರೆ ಆ ಬಂಡೆ ಮೂಲೇಲಿ ಇರೋವಕ್ಕೆ ಕಬ್ಬಿನ ಗೊಬ್ಬರ ಹರೀದಂಗೆ ಒಂದು ಬದು ಹಾಕ್ಬೇಕಲ್ಲ?" ಎಂದು ಕೇಳಿದರು. ಅದು ನನಗೆ ಹೊಳೆದಿರಲಿಲ್ಲ. ಮರುದಿನ ನಾವಿಬ್ಬರೂ ಸೇರಿ ಗುದ್ದಲಿ ಹಿಡಿದು ಒಂದು ಮೊಳ ಎತ್ತರದ ಬದುವನ್ನು ಹಾಕಿದೆವು.

ಉಪಸಂಹಾರ

ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದ ಮೇಲೆ ನಮ್ಮ ಜಿಲ್ಲೆ ಹಸಿರಾಯಿತು. ನನ್ನಂಥವರ ಮನೆಗಳಿಗೆ ಅನ್ನವೂ ಅಕ್ಷರವೂ ಬಂದುವು. ಅದನ್ನು ಮರೆತು, ಬರಡು ನೆಲವೇ ಚೆನ್ನೆಂದು ಹೊಗಳುವ ಉದ್ದೇಶ ನನ್ನದಲ್ಲ. ಆದರೆ ನಾವು ಪಾಳು ಎಂದು ಕರೆಯುವ ನೆಲದಲ್ಲಿ ಏನಿದೆಯೆಂದು ಉಳುವ ಮೊದಲು ಒಮ್ಮೆ ಬಗ್ಗಿ ನೋಡುವುದು ಒಳ್ಳೆಯದು. ನಾಲ್ಕು ಮೊಳ ಜಾಗವನ್ನು ಬಿಟ್ಟರೆ ಕಬ್ಬಿನ ತೂಕ ಎಷ್ಟು ಕಡಮೆಯಾದೀತು?

ಹಾಸ್ಟೆಲಿನ ಮೂರು ಕುಂಡಗಳಲ್ಲಿ ನವೆಂಬರಿನಲ್ಲಿ ಬಿಳಿಯ ಪುಟ್ಟ ಹೂಗಳು ಬಿಟ್ಟುವು. ಈಗ ಬೀಜವಾಗಿ, ಕಾಗದದ ಪೊಟ್ಟಣಗಳಲ್ಲಿ ನನ್ನ ಪೆಟ್ಟಿಗೆಯಲ್ಲಿವೆ. ಈ ವರ್ಷಕ್ಕೆ ನನ್ನ ಕಾಲೇಜಿನ ವಾಸ ಮುಗಿಯುತ್ತದೆ. ಕಿರಿಯ ಮಿತ್ರರಲ್ಲಿ ಯಾರಿಗಾದರೂ ಆಸಕ್ತಿಯಿದ್ದರೆ ಪರೀಕ್ಷೆ ಮುಗಿಯುವುದರೊಳಗೆ ಬಂದು ಕೇಳಬಹುದು. ಒಂದೊಂದು ಚಿಟಿಕೆ ಕೊಡುತ್ತೇನೆ. ಮಳೆನೀರು ಹಿಡಿಯಲು ನಾಲ್ಕು ಕ್ಯಾನುಗಳನ್ನೂ ತಾರಸಿಯ ಮೇಲೆಯೇ ಬಿಟ್ಟುಹೋಗುತ್ತೇನೆ. ಗೊಬ್ಬರ ಹಾಕಬಾರದೆಂಬ ಮಾತನ್ನು ಮಾತ್ರ ಮನೆಯವರಿಗೆ ಮೊದಲೇ ತಿಳಿಸಿಡಿ.